ಅಂಗಳದಲ್ಲಿ ಬಿಚ್ಚಿಟ್ಟ ಜೀಪು ರಸ್ತೆಗಿಳಿಯುವುದು ಯಾವಾಗ?

ಬೆಳ್ತಂಗಡಿ, ಪುತ್ತೂರು, ಸುಳ್ಯ, ಬಂಟ್ವಾಳದ ಒಳ ಊರುಗಳಿಗೆ ಹೋದರೆ ಈ ನೋಟ ಹೊಸದಲ್ಲ. ಮನೆಯ ಬದಿಯ ಹಲಸಿನ ಮರದ ಕೆಳಗೆ ನೀಲಿ ತಾರ್ಪಾಲು ಹೊದ್ದುಕೊಂಡ ಒಂದು ಹಳೆಯ ಜೀಪು. ಚಕ್ರ ಇರುವುದಿಲ್ಲ, ಕೆಳಗೆ ಮುರಕಲ್ಲು ಕೊಟ್ಟಿರುತ್ತಾರೆ. ಬಾನೆಟ್ ಕೊಟ್ಟಿಗೆಯ ಗೋಡೆಗೆ ಒರಗಿದೆ, ಗೇರ್‌ಬಾಕ್ಸ್ ಗೋಣಿಯೊಳಗಿದೆ. "ಯಾವಾಗ ರೆಡಿ ಆಗ್ತದೆ?" ಅಂತ ಕೇಳಿದರೆ "ಇನ್‌ಶಾ ಅಲ್ಲಾಹ್, ಮುಂದಿನ ರಜೆಯಲ್ಲಿ" ಎಂಬ ಉತ್ತರ. ಆ ಮುಂದಿನ ರಜೆ ಬಂದು ಹೋಗಿ ಎರಡು ಮಳೆಗಾಲ ಆಗಿರುತ್ತದೆ.

ಹಳೆಯ ಜೀಪನ್ನು ಮನೆಯಲ್ಲೇ ಬಿಚ್ಚಿ ಹೊಸದು ಮಾಡುವ ಆಸೆ ಈಗ ನಮ್ಮ ಹುಡುಗರಲ್ಲಿ ಜೋರಾಗಿದೆ. ಆಸೆ ಕೆಟ್ಟದ್ದಲ್ಲ. ಕೈ ಕೆಲಸ ಕಲಿಯುವುದು, ಬಾಪ ಓಡಿಸಿದ ಗಾಡಿಯನ್ನು ಗುಜಿರಿಗೆ ಹಾಕದೆ ಉಳಿಸುವುದು ಒಳ್ಳೆಯದೇ. ಆದರೆ ಹೀಗೆ ಬಿಚ್ಚಿದ ಜೀಪುಗಳು ಅರ್ಧದಲ್ಲೇ ಉಳಿಯುವುದು ಯಾಕೆ ಅಂತ ನೋಡಿದರೆ ಕಾರಣ ದುಡ್ಡಿನ ಕೊರತೆಗಿಂತ ಹೆಚ್ಚಾಗಿ ಕೆಲಸದ ಕ್ರಮ ತಪ್ಪಿದ್ದು. ಕೊನೆಗೆ ಮಾಡಬೇಕಾದ್ದನ್ನು ಮೊದಲು ಮಾಡುತ್ತಾರೆ, ಮೊದಲು ನೋಡಬೇಕಾದ್ದನ್ನು ನೋಡುವುದೇ ಇಲ್ಲ.

ಜೀಪು ಮತ್ತು ನಾವು

ಎರಡನೇ ಮಹಾಯುದ್ಧಕ್ಕಾಗಿ ಅಮೆರಿಕದಲ್ಲಿ ತಯಾರಾದ ವಿಲ್ಲಿಸ್ ಜೀಪು ನಮ್ಮ ದೇಶದಲ್ಲಿ ಬೇರೂರಿದ್ದು ಮಹೀಂದ್ರ ಕಂಪೆನಿಯ ಮೂಲಕ. 1945ರಲ್ಲಿ ಈ ಕಂಪೆನಿ ಶುರುವಾದಾಗ ಅದರ ಹೆಸರು 'ಮಹೀಂದ್ರ ಆ್ಯಂಡ್ ಮುಹಮ್ಮದ್' ಎಂದಿತ್ತು. ಮಹೀಂದ್ರ ಸಹೋದರರ ಜೊತೆ ಮಲಿಕ್ ಗುಲಾಂ ಮುಹಮ್ಮದ್ ಪಾಲುದಾರರಾಗಿದ್ದರು. ದೇಶ ವಿಭಜನೆಯಾದಾಗ ಅವರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಸಚಿವರಾದರು. 1948ರಲ್ಲಿ ಕಂಪೆನಿ 'ಮಹೀಂದ್ರ ಆ್ಯಂಡ್ ಮಹೀಂದ್ರ' ಆಯಿತು. ಅಷ್ಟರಲ್ಲಿ ಅವರು ವಿಲ್ಲಿಸ್ ಜೀಪುಗಳನ್ನು ಇಲ್ಲಿ ಜೋಡಿಸಲು ಶುರು ಮಾಡಿಯಾಗಿತ್ತು. ಮುಂದೆ ಸಿಜೆ 3ಬಿ, ಡೀಸೆಲ್ ಇಂಜಿನ್‌ನ ಜೀಪುಗಳು, ಎಂಎಂ 540 ಹೀಗೆ ಒಂದೊಂದಾಗಿ ಬಂದವು.

ಘಟ್ಟದ ಬುಡದ ನಮ್ಮ ಊರುಗಳಲ್ಲಿ ಜೀಪು ಅಂದರೆ ಶೋಕಿಯ ವಾಹನ ಆಗಿರಲಿಲ್ಲ. ಅಡಿಕೆ, ಬಾಳೆಗೊನೆ, ಗೊಬ್ಬರದ ಮೂಟೆ ಹೊತ್ತದ್ದು ಅದು. ಮಳೆಗಾಲದಲ್ಲಿ ತೋಡು ದಾಟಿ ಹೆರಿಗೆ ನೋವಿನ ಹೆಂಗಸರನ್ನು ಆಸ್ಪತ್ರೆಗೆ ಮುಟ್ಟಿಸಿದ್ದು ಅದು. ಮದುವೆಗೆ ದಿಬ್ಬಣ, ಮರಣಕ್ಕೆ ಮಯ್ಯತ್, ಎರಡಕ್ಕೂ ಅದೇ ಗಾಡಿ. ಸರ್ವಿಸ್ ಜೀಪು ಓಡಿಸಿ ಮಕ್ಕಳನ್ನು ಓದಿಸಿದ, ಹೆಣ್ಣುಮಕ್ಕಳನ್ನು ಮದುವೆ ಮಾಡಿಕೊಟ್ಟ ಬ್ಯಾರಿ ಚಾಲಕರು ಹಲವರಿದ್ದರು. ಈಗಲೂ ಕೊಲ್ಲೂರಿನಿಂದ ಕೊಡಚಾದ್ರಿಗೆ, ಮಡಿಕೇರಿ ಕಡೆಯಿಂದ ಮಾಂದಲಪಟ್ಟಿಗೆ ಜನ ಹತ್ತುವುದು ಜೀಪಿನಲ್ಲೇ. ಹಾಗಾಗಿ ಹಳೆಯ ಜೀಪಿನ ಮೇಲೆ ನಮ್ಮವರಿಗೆ ಇರುವ ಪ್ರೀತಿ ಮೊಬೈಲ್‌ನಲ್ಲಿ ನೋಡಿ ಬಂದದ್ದು ಮಾತ್ರವಲ್ಲ.

ಮೊದಲ ತಪ್ಪು: ಆರ್‌ಸಿ ನೋಡದೆ ಸ್ಪ್ಯಾನರ್ ಹಿಡಿಯುವುದು

ಪುತ್ತೂರು ತಾಲೂಕಿನ ಒಂದು ಮನೆಯ ಉದಾಹರಣೆ ತೆಗೆದುಕೊಳ್ಳೋಣ. ಹೆಸರು ಬೇಡ ಎಂದಿದ್ದಾರೆ. ಆ ಮನೆಯ ಯಜಮಾನರು ತೀರಿಹೋದ ಮೇಲೆ ಅವರ ಡೀಸೆಲ್ ಜೀಪು ಅಂಗಳದಲ್ಲೇ ಉಳಿಯಿತು. ಸೌದಿಯಿಂದ ರಜೆಯಲ್ಲಿ ಬಂದ ಕಿರಿಯ ಮಗ ಅದನ್ನು ಬಿಚ್ಚಿದ. ತನ್ನ ದುಡಿಮೆಯ ಹಣವನ್ನೇ ಸುರಿದ. ಕೆಲಸ ಅರ್ಧ ಆದಾಗ ಅಣ್ಣ ಕೇಳಿದ್ದು ಒಂದೇ ಪ್ರಶ್ನೆ: "ಜೀಪು ಯಾರದ್ದು?"

ಪ್ರಶ್ನೆ ನ್ಯಾಯವಾದದ್ದೇ. ಆರ್‌ಸಿ ಇನ್ನೂ ತೀರಿಹೋದವರ ಹೆಸರಿನಲ್ಲೇ ಇತ್ತು. ಶರೀಅತ್‌ನ ಲೆಕ್ಕದಲ್ಲಿ ಸಾಲ, ವಸಿಯ್ಯತ್ ಕಳೆದು ಉಳಿದ ಆಸ್ತಿಯಂತೆ ಜೀಪು ಕೂಡ ಎಲ್ಲ ವಾರಸುದಾರರದ್ದು. ಆ ಮನೆಯಲ್ಲಿ ಉಮ್ಮ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಇದ್ದರು, ತೀರಿಹೋದವರ ತಂದೆತಾಯಿ ಇರಲಿಲ್ಲ. ಜೀಪಿನ ಬೆಲೆಯನ್ನು 48 ಭಾಗ ಮಾಡಿದರೆ ಉಮ್ಮನಿಗೆ 6, ಗಂಡುಮಕ್ಕಳಿಗೆ ತಲಾ 14, ಹೆಣ್ಣುಮಕ್ಕಳಿಗೆ ತಲಾ 7. ಮದುವೆಯಾಗಿ ಬೇರೆ ಊರಿಗೆ ಹೋದ ತಂಗಿಯ ಪಾಲೂ ಆ ತುಕ್ಕು ಹಿಡಿದ ಗಾಡಿಯಲ್ಲಿ ಉಂಟು. ಅವಳನ್ನು ಕೇಳದೆ ಬಿಚ್ಚುವುದೂ ಸರಿಯಲ್ಲ, ಬಿಚ್ಚಿದವನು ಹಾಕಿದ ಖರ್ಚನ್ನು ಉಳಿದವರು ಮರೆಯುವುದೂ ಸರಿಯಲ್ಲ. ಸಾಲದ ವ್ಯವಹಾರವನ್ನು ಬರೆದಿಡಬೇಕು ಎಂಬ ಆದೇಶ ಅಲ್ ಬಖರ ಸೂರದಲ್ಲೇ ಇದೆ. ಮನೆಯೊಳಗಿನ ಜೀಪಿಗೂ ಆ ಎಚ್ಚರ ಬೇಕು. ಯಾರು ಎಷ್ಟು ಹಾಕಿದರು, ಗಾಡಿ ಕೊನೆಗೆ ಯಾರ ಹೆಸರಿಗೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿದರೆ ಮುಂದೆ ಮನಸ್ತಾಪ ಇಲ್ಲ.

ಕಾನೂನಿನ ಕಡೆಯೂ ನೋಡಬೇಕು. ಮಾಲೀಕರು ತೀರಿಹೋದರೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಮೂರು ತಿಂಗಳೊಳಗೆ ಫಾರ್ಮ್ 31ರಲ್ಲಿ ಅರ್ಜಿ ಕೊಟ್ಟು ವಾರಸುದಾರರ ಹೆಸರಿಗೆ ಆರ್‌ಸಿ ಮಾಡಿಸಿಕೊಳ್ಳಬೇಕು. ಖಾಸಗಿ ವಾಹನದ ನೋಂದಣಿಗೆ 15 ವರ್ಷದ ಆಯುಷ್ಯ. ಆಮೇಲೆ ಫಾರ್ಮ್ 25ರಲ್ಲಿ ಅರ್ಜಿ ಹಾಕಿ, ಗಾಡಿ ತೋರಿಸಿ, ಐದೈದು ವರ್ಷಕ್ಕೆ ನವೀಕರಿಸಬೇಕು. ಮಿಲಿಟರಿ ಹರಾಜಿನ ಜೀಪು, ಯಾರೋ ತೋಟದಲ್ಲಿ ಇಟ್ಟುಕೊಂಡಿದ್ದ ಜೀಪು ಅಂತ ಅಗ್ಗಕ್ಕೆ ಸಿಕ್ಕಿದರೆ ಮೊದಲು ಚಾಸಿಸ್ ನಂಬರ್ ಉಜ್ಜಿ ನೋಡಿ, ಆರ್‌ಸಿಯೊಂದಿಗೆ ಹೋಲಿಸಿ. ನಂಬರ್ ಕೂಡದಿದ್ದರೆ ಎಷ್ಟು ಚಂದ ಮಾಡಿದರೂ ಅದು ತೋಟದೊಳಗಿನ ಗಾಡಿಯೇ.

ಇಂಜಿನ್ ಬದಲಾಯಿಸುವವರಿಗೆ, ಪೆಟ್ರೋಲ್ ಜೀಪಿಗೆ ಡೀಸೆಲ್ ಇಂಜಿನ್ ಕೂರಿಸುವವರಿಗೆ, ಬಾಡಿ ಕಡಿದು ಉದ್ದ ಮಾಡುವವರಿಗೆ ಇನ್ನೊಂದು ಮಾತು. ತಯಾರಕರು ಕೊಟ್ಟ ವಿವರ ಮತ್ತು ಆರ್‌ಸಿಯ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ತಪ್ಪಿದರೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿವರೆಗೆ ದಂಡ ಅಥವಾ ಆರು ತಿಂಗಳವರೆಗೆ ಜೈಲು. ದಂಡಕ್ಕಿಂತ ದೊಡ್ಡ ಹೊಡೆತ ಅಪಘಾತವಾದಾಗ. ದಾಖಲೆಗೆ ಕೂಡದ ಗಾಡಿ ಅಂತ ವಿಮೆಯವರು ತಕರಾರು ಎತ್ತಿದರೆ ಪರಿಹಾರದ ಹೊರೆ ಮನೆಯ ಮೇಲೆಯೇ ಬೀಳುತ್ತದೆ.

ಒಂದೇ ದಿನದಲ್ಲಿ ಎಲ್ಲ ಬಿಚ್ಚಿದರೆ

ಬಿಚ್ಚುವ ಕೆಲಸದಷ್ಟು ಖುಷಿ ಬೇರೆ ಇಲ್ಲ. ನಾಲ್ಕು ಮಂದಿ ಗೆಳೆಯರು ಸೇರಿದರೆ ಬೆಳಿಗ್ಗೆಯಿಂದ ಅಸರ್ ಬಾಂಕಿನೊಳಗೆ ಬಾಡಿ ಬೇರೆ, ಚಾಸಿಸ್ ಬೇರೆ. ಪುತ್ತೂರಿನ ಆ ಮನೆಯಲ್ಲಿ ಆದದ್ದು ಹೀಗೆಯೇ. ಎಲ್ಲ ನಟ್, ಬೋಲ್ಟ್, ವಾಷರ್‌ಗಳನ್ನು ಒಂದೇ ಬಕೆಟ್‌ಗೆ ಹಾಕಿದರು. ಮೂರು ವಾರ ಕಳೆದು ಜೋಡಿಸಲು ಕುಳಿತಾಗ ಯಾವ ಬೋಲ್ಟ್ ಎಲ್ಲಿಯದ್ದು ಎಂದು ಗೊತ್ತಾಗಲಿಲ್ಲ.

ಅದರಲ್ಲೂ ಕಷ್ಟ ಶಿಮ್‌ಗಳದ್ದು. ಕಾಗದದಷ್ಟು ತೆಳ್ಳಗಿನ ಈ ತಗಡಿನ ಬಳೆಗಳು ಮುಂದಿನ ಹೌಸಿಂಗ್‌ನ ಕಿಂಗ್‌ಪಿನ್ ಬಳಿ, ಪಿನಿಯನ್ ಬೇರಿಂಗ್ ಬಳಿ ಇರುತ್ತವೆ. ಬೇರಿಂಗ್ ಎಷ್ಟು ಬಿಗಿ ಇರಬೇಕೆಂದು ನಿರ್ಧರಿಸುವುದು ಅವೇ. ಎಡದ್ದು ಬಲಕ್ಕೆ, ಮೇಲಿನದ್ದು ಕೆಳಕ್ಕೆ ಹೋದರೆ ಒಂದೋ ಸ್ಟೇರಿಂಗ್ ಕಲ್ಲಿನಂತೆ ಗಟ್ಟಿ, ಇಲ್ಲವೇ ವೇಗ ಹೆಚ್ಚಾದಾಗ ಮುಂದಿನ ಎರಡೂ ಚಕ್ರ ಗಡಗಡ ನಡುಗಲು ಶುರು. ಆ ನಡುಕ ಒಮ್ಮೆ ಹಿಡಿದರೆ ಸ್ಟೇರಿಂಗ್ ಕೈಯಲ್ಲಿ ನಿಲ್ಲುವುದಿಲ್ಲ.

ಇದಕ್ಕೆ ಮದ್ದು ಸುಲಭ. ಪ್ರತಿ ಭಾಗ ಬಿಚ್ಚುವ ಮೊದಲು ಮೊಬೈಲ್‌ನಲ್ಲಿ ಫೋಟೋ, ಬಿಚ್ಚಿದ ಮೇಲೆ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಚೀಟಿ. "ಮುಂದೆ, ಎಡ, ಮೇಲೆ" ಎಂಬ ಮೂರು ಪದ ಬರೆದರೂ ಸಾಕು. ಇನ್ನೂ ಒಳ್ಳೆಯದು, ಒಂದು ಭಾಗ ಬಿಚ್ಚಿ ಅದನ್ನು ಮುಗಿಸಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕುವುದು.

ಹಳೆಯ ವಿಲ್ಲಿಸ್ ಮಾದರಿಯ ಜೀಪಿನಲ್ಲಿ ಮತ್ತೊಂದು ಕಥೆ ಉಂಟು. ಎಡಬದಿಯ ಚಕ್ರಗಳ ನಟ್‌ಗಳಿಗೆ ಉಲ್ಟಾ ತಿರುಪು. ಗೊತ್ತಿಲ್ಲದವರು ಬಿಚ್ಚುವುದೆಂದುಕೊಂಡು ಬಿಗಿ ಮಾಡುತ್ತಾ ಹೋಗಿ, ಪೈಪು ಹಾಕಿ ಹತ್ತಿ ನಿಂತು, ಸ್ಟಡ್ಡನ್ನೇ ಮುರಿಯುತ್ತಾರೆ. ಅಳತೆಯೂ ಹಾಗೆಯೇ. ವಿಲ್ಲಿಸ್ ಕಾಲದ ಬೋಲ್ಟ್‌ಗಳು ಇಂಚಿನ ಲೆಕ್ಕದ್ದು, ಎಂಎಂ 540ರ ಪ್ಯೂಜೊ ಡೀಸೆಲ್ ಇಂಜಿನ್‌ನದ್ದು ಮಿಲಿಮೀಟರ್ ಲೆಕ್ಕದ್ದು. ಅರ್ಧ ಇಂಚು ಅಂದರೆ 12.7 ಮಿಲಿಮೀಟರ್. ಅದಕ್ಕೆ 13ರ ಸ್ಪ್ಯಾನರ್ ಹಾಕಿದರೆ ಕೂತಂತೆ ಕಾಣುತ್ತದೆ, ಆದರೆ ತುಕ್ಕು ಹಿಡಿದ ನಟ್‌ನ ಮೂಲೆ ಸವೆದು ಉರುಟಾಗುತ್ತದೆ. ಇಂಚಿನ ತೂತಿಗೆ ಮಿಲಿಮೀಟರ್ ಬೋಲ್ಟ್ ಒತ್ತಿ ತಿರುಗಿಸಿದರೆ ಥ್ರೆಡ್ ಹೋಯಿತು. ಗಲ್ಫ್‌ನಿಂದ ಲಗೇಜಿನಲ್ಲಿ ಟೂಲ್ ಸೆಟ್ ತರುವವರು ಮಿಲಿಮೀಟರ್ ಸೆಟ್ ಒಂದನ್ನೇ ತರುತ್ತಾರೆ. ಜೀಪಿಗೆ ಎರಡೂ ಬೇಕು.

ತುಕ್ಕಿನ ಮೇಲೆ ಪುಟ್ಟಿ, ಪುಟ್ಟಿಯ ಮೇಲೆ ಬಣ್ಣ

ಕರಾವಳಿಯಲ್ಲಿ ಕಬ್ಬಿಣದ ಶತ್ರುಗಳು ಎರಡು, ಉಪ್ಪು ಗಾಳಿ ಮತ್ತು ನಾಲ್ಕು ತಿಂಗಳ ಮಳೆ. ತುಕ್ಕು ಹೊರಗೆ ಕಾಣುವುದಕ್ಕಿಂತ ಒಳಗೆ ಹೆಚ್ಚು. ಚಾಸಿಸ್‌ನಲ್ಲಿ ಪ್ಲೇಟ್ ಸೆಟ್ ಕೂರುವ ಕೊಂಡಿಗಳ ಹತ್ತಿರ, ಬಾಡಿಯ ಕೆಳಗಿನ ಅಡ್ಡಪಟ್ಟಿಗಳಲ್ಲಿ, ಕಾಲಿಡುವ ತಗಡಿನ ಮೂಲೆಗಳಲ್ಲಿ ಕೆಸರು ನಿಂತು ಒಳಗಿಂದಲೇ ತಿಂದಿರುತ್ತದೆ. ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋದರೆ ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ಸತ್ತ ಕಬ್ಬಿಣ ಥಪ್ ಅನ್ನುತ್ತದೆ.

ಆದರೆ ನಮ್ಮ ಹುಡುಗರಿಗೆ ಬಣ್ಣದ ಅವಸರ. ಪುತ್ತೂರಿನ ಆ ಜೀಪಿಗೆ ಮೊದಲ ರಜೆಯಲ್ಲೇ ಹಸಿರು ಬಣ್ಣ ಬಿತ್ತು. ಫೋಟೋ ಎಲ್ಲ ಕಡೆ ಹೋಯಿತು, "ಮಾಶಾ ಅಲ್ಲಾಹ್" ಗಳು ಬಂದವು. ಇಂಜಿನ್ ಇನ್ನೂ ನೆಲದ ಮೇಲೆಯೇ ಇತ್ತು. ಮರುವರ್ಷ ಇಂಜಿನ್ ಇಳಿಸುವಾಗ ಚೈನ್ ತಾಗಿ ಬಾಡಿ ಗೀರಿತು, ಬ್ರೇಕ್ ಆಯಿಲ್ ಚೆಲ್ಲಿದ ಕಡೆ ಬಣ್ಣ ಎದ್ದು ಬಂತು. ಬ್ರೇಕ್ ಆಯಿಲ್ ಬಣ್ಣವನ್ನು ಕರಗಿಸುತ್ತದೆ ಎಂಬುದು ಆಗ ಗೊತ್ತಾಯಿತು. ದಪ್ಪಕ್ಕೆ ಬಳಿದ ಪುಟ್ಟಿಯ ಅಡಿಯಲ್ಲಿ ತೇವ ಸೇರಿ ಮಳೆಗಾಲದಲ್ಲಿ ಗುಳ್ಳೆ ಎದ್ದವು. ಟಿಂಕರಿಂಗ್, ಬಣ್ಣ ಎರಡನ್ನೂ ಮತ್ತೆ ಮಾಡಿಸಬೇಕಾಯಿತು.

ಬಣ್ಣದಿಂದ ವಯರಿಂಗಿಗೂ ತೊಂದರೆ. ಜೀಪಿನಲ್ಲಿ ಕರೆಂಟ್ ವಾಪಸ್ ಹೋಗುವುದು ಬಾಡಿ ಮತ್ತು ಚಾಸಿಸ್ ಮೂಲಕ. ಅರ್ತ್ ವಯರ್ ಕೂರುವ ಜಾಗಕ್ಕೂ ಬಣ್ಣ ಹಚ್ಚಿಬಿಟ್ಟರೆ ಲೈಟ್ ಮಂಕು, ಸೆಲ್ಫ್ ಎತ್ತುವುದಿಲ್ಲ. ಬ್ಯಾಟರಿ ಹಾಳು, ಡೈನಮೋ ಹಾಳು ಅಂತ ಸಾವಿರಾರು ರೂಪಾಯಿ ಖರ್ಚು ಮಾಡಿದ ಮೇಲೆ ಗೊತ್ತಾಗುವುದು, ಆ ಜಾಗವನ್ನು ಉಜ್ಜಿ ಕಬ್ಬಿಣ ಹೊಳೆಯುವಂತೆ ಮಾಡಿದ್ದರೆ ಸಾಕಿತ್ತು ಎಂದು.

ಇಂಜಿನ್ ಕೋಣೆಯ ಗಡಿಬಿಡಿ

ಇಂಜಿನ್ ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್ ಮನೆಯಲ್ಲಿ ಆಗುವುದಲ್ಲ, ಲೇತ್‌ಗೇ ಹೋಗಬೇಕು. ಮನೆಯಲ್ಲಿ ಕೆಡುವುದು ಜೋಡಣೆ. ಕ್ರ್ಯಾಂಕನ್ನು ಸಾವಿರದ ಎಷ್ಟು ಇಂಚು ಗ್ರೈಂಡ್ ಮಾಡಿದ್ದಾರೆ, 10, 20 ಅಥವಾ 30, ಅದಕ್ಕೆ ಸರಿಯಾದ ಬೇರಿಂಗೇ ಬೇಕು. ಅಳತೆ ಕೇಳದೆ ಅಂಗಡಿಯಿಂದ ಸ್ಟ್ಯಾಂಡರ್ಡ್ ಬೇರಿಂಗ್ ತಂದರೆ ಇಂಜಿನ್‌ನಲ್ಲಿ ಆಯಿಲ್ ಪ್ರೆಶರ್ ನಿಲ್ಲುವುದಿಲ್ಲ, ಕೆಲವೇ ದಿನದಲ್ಲಿ ಟಕಟಕ ಶಬ್ದ. ಲೇತ್‌ನಿಂದ ಬಂದ ಬ್ಲಾಕ್‌ನ ಆಯಿಲ್ ತೂತುಗಳಲ್ಲಿ ಕಬ್ಬಿಣದ ಪುಡಿ ಇರುತ್ತದೆ. ಅದನ್ನು ತೊಳೆದು ಗಾಳಿ ಹೊಡೆಯದೆ ಕೂರಿಸಿದರೆ ಹೊಸ ಬೇರಿಂಗನ್ನು ಆ ಪುಡಿಯೇ ತಿನ್ನುತ್ತದೆ.

ಹೆಡ್ ಬೋಲ್ಟ್‌ಗಳನ್ನು ಒಂದು ತುದಿಯಿಂದ ಬಿಗಿ ಮಾಡುತ್ತಾ ಹೋಗುವುದು ಇನ್ನೊಂದು ತಪ್ಪು. ನಡುವಿನಿಂದ ಶುರು ಮಾಡಿ ಎರಡೂ ಬದಿಗೆ, ಎರಡು ಮೂರು ಸುತ್ತಿನಲ್ಲಿ, ಟಾರ್ಕ್ ರೆಂಚ್ ಹಾಕಿ ಬಿಗಿ ಮಾಡಬೇಕು. ಇಲ್ಲವಾದರೆ ಗ್ಯಾಸ್ಕೆಟ್ ಹೋಗಿ ರೇಡಿಯೇಟರ್ ನೀರು ಆಯಿಲ್‌ಗೆ ಸೇರುತ್ತದೆ. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಗಾಡಿ ಓಡಿಸಬೇಡಿ.

ಮುಂದಿನದ್ದೊಂದು, ಹಿಂದಿನದ್ದೊಂದು

ಗುಜಿರಿಯಿಂದ ಹೌಸಿಂಗ್ ತರುವವರು ಎಡವುವುದು ಇಲ್ಲಿ. ಕ್ರೌನ್‌ಗೆ 43 ಹಲ್ಲು, ಪಿನಿಯನ್‌ಗೆ 8 ಹಲ್ಲು ಇದ್ದರೆ ಶಾಫ್ಟ್ 5.38 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು. 47 ಮತ್ತು 11 ಹಲ್ಲಿನದ್ದಾದರೆ 4.27 ಸುತ್ತಿಗೆ ಒಂದು. ಹೊರಗಿಂದ ಎರಡೂ ಒಂದೇ ಥರ ಕಾಣಬಹುದು. ಮುಂದೆ ಒಂದು, ಹಿಂದೆ ಇನ್ನೊಂದು ಕೂರಿಸಿ ಫೋರ್ ವೀಲ್ ಹಾಕಿದರೆ ಮುಂದಿನ ಮತ್ತು ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಓಡಲು ನೋಡುತ್ತವೆ. ಮೊದಲು ಟಯರ್ ಎಳೆಯುತ್ತದೆ, ಆಮೇಲೆ ಕ್ರಾಸ್ ಅಥವಾ ಗೇರ್ ಹಲ್ಲು ಮುರಿಯುತ್ತದೆ. ತರುವ ಮೊದಲು ಪರೀಕ್ಷೆ ಸುಲಭ. ಎರಡೂ ಬದಿಯ ಚಕ್ರಗಳನ್ನು ಜೊತೆಯಾಗಿ ಒಂದು ಪೂರ್ತಿ ಸುತ್ತು ತಿರುಗಿಸಿ, ಶಾಫ್ಟ್‌ನ ತುದಿಗೆ ಚಾಕ್‌ನಿಂದ ಗೆರೆ ಎಳೆದು ಅದು ಎಷ್ಟು ಸುತ್ತು ಬಂತು ಅಂತ ಎಣಿಸಿ.

ಎರಡೂ ಸರಿ ಇದ್ದರೂ ಹಳೆಯ ಜೀಪಿನ ಫೋರ್ ವೀಲನ್ನು ಒಣ ಡಾಮರು ರಸ್ತೆಯಲ್ಲಿ ಹಾಕಬಾರದು. ಅದು ಕೆಸರಿಗೆ, ಕಲ್ಲಿಗೆ, ಜಾರುವ ಏರಿಗೆ. ದೊಡ್ಡ ಟಯರಿನ ಶೋಕಿಗೂ ಮಿತಿ ಇರಲಿ. 6.00-16ರ ಸಣ್ಣ ಟಯರಿಗೆ ಲೆಕ್ಕ ಹಾಕಿ ಮಾಡಿದ ಡ್ರಮ್ ಬ್ರೇಕು ದೊಡ್ಡ ಟಯರಿನ ಭಾರವನ್ನು ಅಷ್ಟೇ ಬೇಗ ನಿಲ್ಲಿಸಲಾರದು.

ಕೊನೆಗೆ ಉಳಿಯುವುದು ಬ್ರೇಕು

ದುಡ್ಡು, ದಿನ ಎರಡೂ ಮುಗಿಯುತ್ತಾ ಬಂದಾಗ ಕೈ ಬಿಡುವುದು ಕಣ್ಣಿಗೆ ಕಾಣದ ಭಾಗವನ್ನು. ಪುತ್ತೂರಿನ ಮನೆಯಲ್ಲಿ ಎರಡನೇ ರಜೆಯಲ್ಲಿ ಇಂಜಿನ್ ಸ್ಟಾರ್ಟ್ ಆಯಿತು. ಸಂಭ್ರಮದಲ್ಲಿ ಅಣ್ಣನ ಮಕ್ಕಳನ್ನು ಹಿಂದೆ ಕೂರಿಸಿ ಅಂಗಳದಿಂದ ರಸ್ತೆಯ ಇಳಿಜಾರಿಗೆ ಬಿಟ್ಟರು. ಪೆಡಲ್ ನೆಲಕ್ಕೆ ಹೋಯಿತು. ಜೀಪು ಕಾಂಪೌಂಡಿನ ಮುರಕಲ್ಲಿನ ಗೋಡೆಗೆ ಬಡಿದು ನಿಂತಿತು. ಗೋಡೆ ಇಲ್ಲದಿದ್ದರೆ ಕೆಳಗೆ ತೋಟದ ಬಾವಿ. ಮಕ್ಕಳಿಗೆ ಏನೂ ಆಗಲಿಲ್ಲ, ಅಲ್‌ಹಮ್ದುಲಿಲ್ಲಾಹ್.

ಬಿಚ್ಚಿ ನೋಡಿದಾಗ ವೀಲ್ ಸಿಲಿಂಡರಿನ ರಬ್ಬರುಗಳು ಉಬ್ಬಿ ಹೋಗಿದ್ದವು. ಅವನ್ನು ಡೀಸೆಲ್‌ನಲ್ಲಿ ತೊಳೆದು ಹಾಕಿದ್ದರು. ಪೆಟ್ರೋಲ್, ಡೀಸೆಲ್, ಇಂಜಿನ್ ಆಯಿಲ್ ತಾಗಿದರೆ ಬ್ರೇಕಿನ ರಬ್ಬರು ಹಾಳು. ತೊಳೆಯುವುದಾದರೆ ಬ್ರೇಕ್ ಆಯಿಲ್‌ನಲ್ಲೇ ತೊಳೆಯಬೇಕು. ಹಳೆಯ ಜೀಪುಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಲೈನ್. ಎಲ್ಲಿ ಒಂದು ಕಡೆ ಸೋರಿದರೂ ನಾಲ್ಕೂ ಬ್ರೇಕ್ ಒಟ್ಟಿಗೆ ಹೋಗುತ್ತದೆ. ಹಾಗಾಗಿ ಹ್ಯಾಂಡ್ ಬ್ರೇಕ್ ಸರಿ ಮಾಡದೆ ಗಾಡಿ ಅಲುಗಾಡಿಸಬಾರದು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ, ನಮ್ಮ ಮಳೆಯ ಊರಿನಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು. ತೋಡು ದಾಟಿದ ಮೇಲೆ ಡ್ರಮ್‌ನೊಳಗೆ ನೀರು ಇರುತ್ತದೆ. ಸ್ವಲ್ಪ ದೂರ ಮೆಲ್ಲ ಪೆಡಲ್ ಒತ್ತುತ್ತಾ ಹೋಗಿ ಒಣಗಿಸಿಕೊಳ್ಳಬೇಕು. ಹಳೆಯ ಲೈನರ್‌ನ ಧೂಳಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಬಾಯಿಯಿಂದ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಜೀವಕ್ಕೆ ಕುತ್ತು ತರುವ ಮೂರು

ಒಂದು, ಟ್ಯಾಂಕ್ ವೆಲ್ಡಿಂಗ್. ಹಳೆಯ ಜೀಪಿನಲ್ಲಿ ಪೆಟ್ರೋಲ್ ಟ್ಯಾಂಕ್ ಚಾಲಕನ ಸೀಟಿನ ಕೆಳಗೇ ಇರುತ್ತದೆ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ, ಒಳಗಿನ ಆವಿ ಕಿಡಿ ತಾಗಿದರೆ ಸಿಡಿಯುತ್ತದೆ. ಟ್ಯಾಂಕಿನ ತೂತನ್ನು ಮನೆಯಲ್ಲಿ ಮುಚ್ಚಲು ಹೋಗಬೇಡಿ. ಗಾಡಿಯ ಬೇರೆಲ್ಲೇ ವೆಲ್ಡಿಂಗ್ ಮಾಡುವುದಾದರೂ ಟ್ಯಾಂಕ್ ಇಳಿಸಿ ದೂರ ಇಡಿ, ಬ್ಯಾಟರಿ ಕಳಚಿ.

ಎರಡು, ಮುರಕಲ್ಲು. ಮನೆ ಕಟ್ಟಲು ಒಳ್ಳೆಯದು, ಆದರೆ ಚಾಸಿಸ್‌ನ ಭಾರ ಒಂದೇ ಬಿಂದುವಿಗೆ ಬಿದ್ದರೆ ಮುನ್ಸೂಚನೆ ಇಲ್ಲದೆ ಬಿರಿಯುತ್ತದೆ. ಸಿಮೆಂಟ್ ಬ್ಲಾಕ್ ಕೂಡ ಹಾಗೆಯೇ. ಜಾಕ್ ಒಂದನ್ನೇ ನಂಬಿ ಕೆಳಗೆ ಮಲಗುವುದಂತೂ ಬೇಡವೇ ಬೇಡ. ಕಬ್ಬಿಣದ ಸ್ಟ್ಯಾಂಡ್ ಬೇಕು, ಚಕ್ರಕ್ಕೆ ಕಟ್ಟೆ ಕೊಡಬೇಕು.

ಮೂರು, ಮುಚ್ಚಿದ ಶೆಡ್ಡಿನೊಳಗೆ ಇಂಜಿನ್ ಚಾಲೂ ಇಡುವುದು. ಮಳೆ ಅಂತ ಶಟರ್ ಎಳೆದು ಇಂಜಿನ್ ಟ್ಯೂನ್ ಮಾಡಿದರೆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ವಾಸನೆಯೂ ಇಲ್ಲದೆ ಜೀವ ತೆಗೆಯುತ್ತದೆ.

ರಜೆ, ದುಡ್ಡು, ಮನೆಯವರ ಮಾತು

ಗಲ್ಫ್‌ನಿಂದ ಬರುವವರ ರಜೆ ಒಂದೂವರೆ, ಎರಡು ತಿಂಗಳು. ಅದರಲ್ಲಿ ಮದುವೆಗಳು, ಆಸ್ಪತ್ರೆ, ಸಂಬಂಧಿಕರ ಮನೆ ಕಳೆದು ಜೀಪಿಗೆ ಸಿಗುವುದು ಹದಿನೈದು ದಿನ. ಹದಿನೈದು ದಿನದಲ್ಲಿ ಒಂದು ಜೀಪು ಪೂರ್ತಿ ಆಗುವುದಿಲ್ಲ. ಆದರೆ ಒಂದು ಭಾಗ ಪೂರ್ತಿ ಆಗುತ್ತದೆ. ಈ ರಜೆಯಲ್ಲಿ ಬ್ರೇಕ್ ಮತ್ತು ಸ್ಟೇರಿಂಗ್, ಮುಂದಿನದರಲ್ಲಿ ಇಂಜಿನ್ ಅಂತ ಹಂಚಿಕೊಂಡರೆ ಹೊರಡುವಾಗ ಗಾಡಿ ತನ್ನ ಚಕ್ರದ ಮೇಲೆ ನಿಂತಿರುತ್ತದೆ. ಗೋಣಿಯೊಳಗಿನ ಜೀಪನ್ನು ಉಮ್ಮನ ತಲೆಗೆ ಕಟ್ಟಿ ಹೋಗಬೇಕಾಗಿಲ್ಲ. ಮಳೆಗಾಲದಲ್ಲಿ ತಾರ್ಪಾಲು ಹಾರಿ, ನೀರು ನಿಂತು, ಇಲಿ ವಯರ್ ಕಡಿದು ಆಗುವ ನಷ್ಟ ಅನುಭವಿಸುವುದು ಮನೆಯಲ್ಲಿರುವ ಹೆಂಗಸರೇ.

ದುಡ್ಡಿನ ಲೆಕ್ಕವೂ ಅಂಗಳದಲ್ಲೇ ಆಗಬೇಕು. ಹಳೆಯ ಗಾಡಿಯ ಖರ್ಚು ಬಿಚ್ಚಿದ ಮೇಲೆಯೇ ಗೊತ್ತಾಗುವುದು. ಮೊದಲ ಅಂದಾಜು ದಾಟುತ್ತದೆ ಎಂದೇ ತಿಳಿದು ಒಂದು ಮಿತಿ ಹಾಕಿಕೊಳ್ಳಿ. ಆ ಮಿತಿಯ ಆಚೆ ಹೆಂಡತಿಯ ಚಿನ್ನಕ್ಕೆ, ಮಕ್ಕಳ ಫೀಸಿಗೆ ಕೈ ಹಾಕಿದರೆ ಅದು ಹವ್ಯಾಸವಲ್ಲ, ಇಸ್ರಾಫ್. ಮಾರಿ ಲಾಭ ಮಾಡೋಣ ಎಂಬ ಲೆಕ್ಕ ಹೆಚ್ಚಾಗಿ ಕೂಡುವುದಿಲ್ಲ. ಮನೆಯ ಕೆಲಸಕ್ಕೆ, ತೋಟಕ್ಕೆ, ಬಾಪನ ನೆನಪಿಗೆ ಅಂತ ಮಾಡುವುದಾದರೆ ಮಾತ್ರ ಕೈ ಹಾಕಿ.

ಹಾಗಾದರೆ ಕ್ರಮ ಯಾವುದು?

ಪುತ್ತೂರಿನ ಜೀಪು ಕೊನೆಗೂ ರಸ್ತೆಗಿಳಿಯಿತು. ಅದಕ್ಕೆ ಕಾರಣ ಹತ್ತಿರದ ಊರಿನ, ಗ್ಯಾರೇಜು ಮುಚ್ಚಿ ಮನೆಯಲ್ಲಿರುವ ವಯಸ್ಸಾದ ಮೆಕ್ಯಾನಿಕ್ ಕಾಕ ಒಬ್ಬರು. ಅವರು ಬಂದು ಮೊದಲು ಮಾಡಿದ್ದು ಬಕೆಟ್‌ನ ಬೋಲ್ಟ್‌ಗಳನ್ನು ಹಳೆಯ ಪೇಪರಿನ ಮೇಲೆ ಸಾಲಾಗಿ ಜೋಡಿಸಿದ್ದು. ಎರಡನೆಯದ್ದು, ಬಣ್ಣದ ಮಾತು ಎತ್ತಬಾರದು ಅಂತ ಷರತ್ತು ಹಾಕಿದ್ದು. ನಮ್ಮ ಊರುಗಳಲ್ಲಿ ಇಂಥ ಕಾಕಂದಿರು ಇನ್ನೂ ಇದ್ದಾರೆ. ಸ್ಪ್ಯಾನರ್ ಹಿಡಿಯಲು ಅವರ ಕೈ ನಡುಗಬಹುದು, ಶಬ್ದ ಕೇಳಿಯೇ ಕಾಯಿಲೆ ಹೇಳುವ ಕಿವಿ ಹಾಗೆಯೇ ಉಂಟು. ಶುರು ಮಾಡುವ ಮೊದಲೇ ಅವರನ್ನು ಕರೆಯಿರಿ, ಕೂರಿಸಿ ಚಹಾ ಕೊಡಿ, ಅವರ ದಿನದ ಕೂಲಿಯನ್ನು ಮಾತಾಡಿ ಕೊಡಿ. ಬರೀ ದುಆಕ್ಕೆ ದುಡಿಸಬೇಡಿ.

ಆ ಕಾಕ ಹಾಕಿಕೊಟ್ಟ ಕ್ರಮ ಎಲ್ಲರಿಗೂ ಹೊಂದುತ್ತದೆ. ಮೊದಲು ಆರ್‌ಸಿ ಮತ್ತು ಮನೆಯವರ ಒಪ್ಪಿಗೆ. ಎರಡನೆಯದು ಚಾಸಿಸ್‌ನ ತುಕ್ಕು. ಮೂರನೆಯದು ಹೌಸಿಂಗ್, ಪ್ಲೇಟ್ ಸೆಟ್, ಸ್ಟೇರಿಂಗ್, ಬ್ರೇಕು. ನಾಲ್ಕನೆಯದು ಇಂಜಿನ್, ಗೇರ್‌ಬಾಕ್ಸ್. ಐದನೆಯದು ಫ್ಯೂಸ್ ಇರುವ ಹೊಸ ವಯರಿಂಗ್. ಆರನೆಯದು, ತುಕ್ಕು ತಡೆಯುವ ಪ್ರೈಮರ್‌ನಲ್ಲೇ, ಬಣ್ಣವಿಲ್ಲದೆ, ಒಬ್ಬರೇ ಕೂತು ಮೆಲ್ಲ ಓಡಿಸಿ ನೋಡುವುದು. ಸೋರುವುದೆಲ್ಲ ಸೋರಲಿ, ಸಡಿಲವಾಗುವುದೆಲ್ಲ ಆಗಲಿ, ಮತ್ತೆ ಬಿಗಿ ಮಾಡಿ. ಆರ್‌ಟಿಒ ತಪಾಸಣೆ, ವಿಮೆ ಎಲ್ಲ ಆದ ಮೇಲೆಯೇ ಹೆಂಡತಿ ಮಕ್ಕಳನ್ನು ಕೂರಿಸುವುದು. ಬಣ್ಣ ಎಲ್ಲದರ ಕೊನೆಗೆ.

ಆ ಮನೆಯಲ್ಲಿ ಸಹೋದರಿಯರಿಬ್ಬರೂ ತಮ್ಮ ಪಾಲಿನ ಬಗ್ಗೆ ಬರೆದುಕೊಟ್ಟರು, ಆರ್‌ಸಿ ಉಮ್ಮನ ಹೆಸರಿಗೆ ಆಯಿತು. ಜೀಪಿಗೆ ಬಣ್ಣ ಇನ್ನೂ ಪೂರ್ತಿ ಆಗಿಲ್ಲ, ಬಲಬದಿಯಲ್ಲಿ ಕೆಂಪು ಪ್ರೈಮರ್ ಹಾಗೆಯೇ ಕಾಣುತ್ತದೆ. ಆದರೆ ಕಳೆದ ಅಡಿಕೆ ಕೊಯ್ಲಿಗೆ ತೋಟದ ಏರನ್ನು ಅದು ಹತ್ತಿತು, ಇಳಿಯುವಾಗ ಬ್ರೇಕು ಹಿಡಿಯಿತು.